ಮೂರನೆಯ ಫಾರ್ವರ್ಡ್ ಬಂದ ಮೇಲೆ ಗೋಲುಗಳೇ ಕಡಿಮೆಯಾಗಿವೆ: ಹ್ಯಾಟ್ರಿಕ್ ಆಟದ ಫಾರ್ಮೇಶನ್ ಕುರಿತು ಒಂದು ಪ್ರಶ್ನೆ

ಬಯಲುಸೀಮೆ_11 ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹ್ಯಾಟ್ರಿಕ್ ಎಂಬ, ಫುಟ್‌ಬಾಲ್ ತಂಡ ನಡೆಸುವ ಆನ್‌ಲೈನ್ ಆಟದ ಭಾರತ ಲೀಗ್‌ನಲ್ಲಿ, ಕೆಳಗಿನ ಡಿವಿಷನ್ ಒಂದರಲ್ಲಿ ನಾನು ನಾಲ್ಕು ಸೀಸನ್‌ಗಳಿಂದ ತಂಡ ನಡೆಸುತ್ತಿದ್ದೇನೆ. ಕಳೆದ ಸೀಸನ್ ಪೂರ್ತಿ 3-5-2 (ಮೂವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಇಬ್ಬರು ಫಾರ್ವರ್ಡ್) ಆಡಿಸಿದ್ದೆ. ನನ್ನ ಬಳಿ ಸ್ಕೋರಿಂಗ್‌ನಲ್ಲಿ ಔಟ್‌ಸ್ಟ್ಯಾಂಡಿಂಗ್ ಮಟ್ಟದ ಫಾರ್ವರ್ಡ್ ಒಬ್ಬನಿದ್ದು, 14 ಲೀಗ್ ಪಂದ್ಯಗಳಲ್ಲಿ ಅವನ ಹೆಸರಿಗೆ 11 ಗೋಲುಗಳು ಬಂದಿದ್ದವು. ಇಬ್ಬರು ಫಾರ್ವರ್ಡ್‌ಗಳಿಂದ ಇಷ್ಟಾದರೆ ಮೂವರಿಂದ ಇನ್ನೂ ಹೆಚ್ಚಾದೀತು ಎಂದು ಲೆಕ್ಕ ಹಾಕಿ, ಕೈಯಲ್ಲಿದ್ದ ಹಣವನ್ನೆಲ್ಲ ಟ್ರಾನ್ಸ್‌ಫರ್ ಮಾರುಕಟ್ಟೆಗೆ ಸುರಿದು, ಹೆಚ್ಚುಕಡಿಮೆ ಅವನಷ್ಟೇ ಬಲದ ಇನ್ನೊಬ್ಬನನ್ನು ಕೊಂಡುಕೊಂಡೆ. ಹಳೆಯ ಇಬ್ಬರ ಜೊತೆ ಅವನನ್ನೂ ನಿಲ್ಲಿಸಿ, ಮಿಡ್‌ಫೀಲ್ಡ್‌ನ ಮಧ್ಯದಿಂದ ಒಬ್ಬನನ್ನು ಬೆಂಚಿಗೆ ಕಳುಹಿಸಿ, ಈ ಸೀಸನ್ನಿನ ಮೊದಲ ಪಂದ್ಯದಿಂದಲೂ 3-4-3 ಆಡಿಸುತ್ತಿದ್ದೇನೆ.

ಏಳು ಪಂದ್ಯಗಳು ಮುಗಿದಿವೆ. ನನ್ನ ಮುಖ್ಯ ಫಾರ್ವರ್ಡ್ ಹೊಡೆದದ್ದು ಎರಡೇ ಗೋಲು, ಹೊಸಬನದು ಒಂದು. ಮೊನ್ನೆಯ ಪಂದ್ಯದ ವರದಿಯನ್ನು ಮೂರು ಸಲ ಓದಿದೆ. 23ನೇ ನಿಮಿಷದಲ್ಲಿ ಎಡ ವಿಂಗ್‌ನಿಂದ ಒಂದು ಅವಕಾಶ, 58ರಲ್ಲಿ ಒಂದು ಫ್ರೀ ಕಿಕ್, 71ರಲ್ಲಿ ಬಲಗಡೆಯಿಂದ ಮತ್ತೊಂದು, ಅಲ್ಲಿಗೆ ಮುಗಿಯಿತು. ಮೂವರು ಫಾರ್ವರ್ಡ್‌ಗಳಲ್ಲಿ ಒಬ್ಬನ ಹೆಸರೂ ವರದಿಯಲ್ಲಿ ಬರಲಿಲ್ಲ. ವಿಚಿತ್ರವೆಂದರೆ ಪಂದ್ಯದ ಕೊನೆಯಲ್ಲಿ ಅವರಿಗೆ ಸಿಕ್ಕಿದ ನಕ್ಷತ್ರಗಳಿಗೇನೂ ಕೊರತೆಯಿರಲಿಲ್ಲ. ಚೆನ್ನಾಗಿ ಆಡಿದ್ದಾರೆ ಎಂದು ಆಟವೇ ಹೇಳುತ್ತದೆ, ಗೋಲು ಮಾತ್ರ ಬರುವುದಿಲ್ಲ.

ಇದು ಬರೀ ಅದೃಷ್ಟದ ಮಾತೋ, ಇಲ್ಲವೇ ಫಾರ್ಮೇಶನ್ ಬದಲಿಸಿದ್ದೇ ತಪ್ಪಾಯಿತೋ? ಮಧ್ಯದಿಂದ ದಾಳಿ ಮಾಡುವ ತಂತ್ರವನ್ನು ಆರಿಸಿಕೊಂಡರೆ ಸರಿಹೋದೀತೇ? ಹೊಸಬನನ್ನು ಮಾರಲು ಹೋದರೆ ಕೊಟ್ಟ ಬೆಲೆ ವಾಪಸು ಬರುವ ಭರವಸೆಯಿಲ್ಲ; ಆದ್ದರಿಂದ ಆತುರಪಡುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಲೆಕ್ಕದ_ಮೇಷ್ಟ್ರು ಅವರ ಉತ್ತರ

ನಮಸ್ಕಾರ. ಅದೃಷ್ಟದ ಪಾಲು ಸ್ವಲ್ಪ ಇದ್ದೇ ಇರುತ್ತದೆ, ಆದರೆ ತಾವು ಹೇಳಿದ ಅಂಕಿಗಳು ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯದೆಯೂ ಅರ್ಥವಾಗುವಂಥವು. ತಾಳ್ಮೆಯಿಂದ ಓದುವುದಾದರೆ ವಿವರವಾಗಿ ಬರೆಯುತ್ತೇನೆ.

ಈ ಆಟದಲ್ಲಿ ಫಾರ್ವರ್ಡ್ ತನ್ನ ಗೋಲನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಪಂದ್ಯದಲ್ಲಿ ಸಾಮಾನ್ಯ ಅವಕಾಶಗಳು ಒಟ್ಟು 15: ನಮ್ಮ ತಂಡಕ್ಕೆ ಮೀಸಲಾದವು 5, ಎದುರಾಳಿಗೆ ಮೀಸಲಾದವು 5, ಇಬ್ಬರಲ್ಲಿ ಯಾರಿಗೆ ಬೇಕಾದರೂ ಹೋಗಬಹುದಾದವು 5. ನಮಗೆ ಮೀಸಲಾದ ಅವಕಾಶವೂ ತಾನಾಗಿ ಬಂದು ಬೀಳುವುದಿಲ್ಲ; ಅದು ಕೈಗೆ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಎರಡೂ ತಂಡಗಳ ಮಿಡ್‌ಫೀಲ್ಡ್ ರೇಟಿಂಗ್ ತೀರ್ಮಾನಿಸುತ್ತದೆ. ಸಿಕ್ಕ ಅವಕಾಶ ಯಾವ ಬದಿಯಿಂದ ಬರುತ್ತದೆ ಎಂಬುದು ಅದರ ಮುಂದಿನ ಮಾತು: ನೂರಕ್ಕೆ ಸುಮಾರು 35 ಪಾಲು ಮಧ್ಯದಿಂದ, ಎಡ ಬಲಗಳಿಂದ ತಲಾ 25, ಉಳಿದ 15 ಫ್ರೀ ಕಿಕ್‌ನಂಥ ಸೆಟ್ ಪೀಸ್‌ಗಳಿಂದ. ಆಮೇಲೆ ಆ ಬದಿಯ ನಮ್ಮ ಅಟ್ಯಾಕ್ ರೇಟಿಂಗನ್ನು ಎದುರಿನ ಡಿಫೆನ್ಸ್ ರೇಟಿಂಗ್ ಜೊತೆ ತೂಗಿ ನೋಡಿ ಗೋಲು ಆಯಿತೋ ಇಲ್ಲವೋ ಎಂದು ನಿರ್ಧಾರವಾಗುತ್ತದೆ. ಆಟಗಾರನ ಹೆಸರು ವರದಿಗೆ ಬರುವುದು ಇಷ್ಟೆಲ್ಲ ಆದ ಮೇಲೆ.

ಈಗ ತಮ್ಮ ಬದಲಾವಣೆಗೆ ಬರೋಣ. ಮೈದಾನದ ನಡುಭಾಗದ ಸ್ಥಾನಗಳಲ್ಲಿ ಒಂದೇ ಕೆಲಸಕ್ಕೆ ಒಬ್ಬರಿಗಿಂತ ಹೆಚ್ಚು ಜನರನ್ನು ನಿಲ್ಲಿಸಿದರೆ ಪ್ರತಿಯೊಬ್ಬರ ಕೊಡುಗೆಯೂ ಸ್ವಲ್ಪ ಸ್ವಲ್ಪ ಕಡಿತವಾಗುತ್ತದೆ. ಇಬ್ಬರು ಫಾರ್ವರ್ಡ್‌ಗಳಿದ್ದರೆ ತಲಾ 94.5 ಪಾಲು, ಮೂವರಿದ್ದರೆ ತಲಾ 86.5 ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಳ ಮಿಡ್‌ಫೀಲ್ಡರ್‌ಗಳಿಗೆ, ಅಂದರೆ ವಿಂಗರ್‌ಗಳನ್ನು ಬಿಟ್ಟು ಮಿಡ್‌ಫೀಲ್ಡ್‌ನ ಮಧ್ಯದಲ್ಲಿ ಆಡುವವರಿಗೆ, ಈ ಕಡಿತ ಇನ್ನೂ ಕಠಿಣ: ಇಬ್ಬರಿದ್ದರೆ 93.5, ಮೂವರಿದ್ದರೆ 82.5. ಇವು ಹಳೆಯ ಮ್ಯಾನೇಜರ್‌ಗಳು ಸಾವಿರಾರು ಪಂದ್ಯಗಳನ್ನು ಜಾಲಾಡಿ ಕಟ್ಟಿಕೊಂಡ ಅಂಕಿಗಳು.

ಎಲ್ಲ ಆಟಗಾರರೂ ಒಂದೇ ಬಲದವರು ಎಂದು ಹಿಡಿಯಿರಿ. ಇಬ್ಬರು ಫಾರ್ವರ್ಡ್‌ಗಳ ಕೊಡುಗೆ 1.89, ಮೂವರದು 2.595. ಅಂದರೆ ಮೂರನೆಯವನು ಬಂದದ್ದರಿಂದ ಹೆಚ್ಚಿದ್ದು ಶೇ. 37. ಆದರೆ ಮೂವರು ಒಳ ಮಿಡ್‌ಫೀಲ್ಡರ್‌ಗಳ ಕೊಡುಗೆ 2.475 ಇದ್ದದ್ದು, ಇಬ್ಬರಾದಾಗ 1.87ಕ್ಕೆ ಇಳಿಯಿತು, ಇದು ಹತ್ತಿರ ಹತ್ತಿರ ಕಾಲು ಭಾಗದ ನಷ್ಟ. ವಿಂಗರ್‌ಗಳೂ ಮಿಡ್‌ಫೀಲ್ಡ್‌ಗೆ ಒಂದಿಷ್ಟು ಸೇರಿಸುತ್ತಾರೆ, ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಎದುರಾಳಿಯೂ ಮೂವರನ್ನು ನಿಲ್ಲಿಸಿ ಸರಿಸಮನಾಗಿದ್ದರೆ, ಮೊದಲು 50-50 ಇದ್ದ ಚೆಂಡಿನ ಹಿಡಿತ ಈಗ 43-57 ಆಗುತ್ತದೆ. ನೋಡಲು ಇದು ಸಣ್ಣ ಇಳಿತ. ಆದರೆ ಅವಕಾಶಗಳು ಹಿಡಿತಕ್ಕೆ ಸರಿಯಾಗಿ ಹಂಚಿಕೆಯಾಗುವುದಿಲ್ಲ. ಅಂದಾಜಿಗೆ ರೇಟಿಂಗಿನ ಘನವನ್ನು (ಮೂರನೆಯ ಘಾತವನ್ನು) ತೆಗೆದುಕೊಂಡು ಲೆಕ್ಕ ಹಾಕುವುದು ರೂಢಿ. ಹಾಗೆ ಹಾಕಿದರೆ 50 ಇದ್ದದ್ದು 30ಕ್ಕೆ ಕುಸಿಯುತ್ತದೆ. ನಾವು ಪಡೆಯಬಹುದಾದ 10 ಅವಕಾಶಗಳಲ್ಲಿ 5 ಸಿಗುತ್ತಿದ್ದ ಕಡೆ ಈಗ 3 ಸಿಗುತ್ತವೆ. ತಮ್ಮ ವರದಿಯಲ್ಲಿ 23, 58 ಮತ್ತು 71ನೇ ನಿಮಿಷಗಳಲ್ಲಿ ಇದ್ದದ್ದೂ ಅಷ್ಟೇ, ಮೂರು.

ಆ ಮೂರರಲ್ಲಿ ಮಧ್ಯದಿಂದ ಬರುವುದು ಸರಾಸರಿ 1.05. ಮೊದಲು ಐದರಲ್ಲಿ 1.75 ಬರುತ್ತಿತ್ತು, ಅದನ್ನು ಇಬ್ಬರು ಹಂಚಿಕೊಳ್ಳುತ್ತಿದ್ದರು. ಈಗ 1.05ನ್ನು ಮೂವರು ಹಂಚಿಕೊಳ್ಳಬೇಕು. ತಲಾ 0.87 ಇದ್ದದ್ದು 0.35 ಆಯಿತು. ಹನ್ನೊಂದು ಗೋಲು ಹೊಡೆದವನು ಅರ್ಧ ಸೀಸನ್ನಿನಲ್ಲಿ ಎರಡಕ್ಕೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಊಟಕ್ಕೆ ಕುಳಿತವರು ಹೆಚ್ಚಾದರು, ಒಲೆಯ ಮೇಲಿನ ಪಾತ್ರೆ ಚಿಕ್ಕದಾಯಿತು.

ಮಧ್ಯದಿಂದ ದಾಳಿ ಮಾಡುವ ತಂತ್ರದ ಬಗ್ಗೆ ಕೇಳಿದ್ದೀರಿ. ಅದು ವಿಂಗ್ ದಾಳಿಗಳಲ್ಲಿ ಒಂದು ಪಾಲನ್ನು ಮಧ್ಯಕ್ಕೆ ತಿರುಗಿಸುತ್ತದೆ. ಆ ಪಾಲು ತಂಡದ ಪಾಸಿಂಗ್ ಬಲವನ್ನು ಅವಲಂಬಿಸಿ 15ರಿಂದ 30ರವರೆಗೆ ಇರುತ್ತದೆ, ಮತ್ತು ಅದಕ್ಕೆ ಬೆಲೆಯಾಗಿ ನಮ್ಮ ಎರಡೂ ಬದಿಗಳ ಡಿಫೆನ್ಸ್ ಸ್ವಲ್ಪ ಸಡಿಲವಾಗುತ್ತದೆ. ಐದನೇ ಒಂದು ಭಾಗ ತಿರುಗಿತು ಎಂದುಕೊಂಡರೂ ಮಧ್ಯದ ಪಾಲು 35ರಿಂದ 45 ಆಗುತ್ತದೆ. ಮೂರರಲ್ಲಿ 45 ಪಾಲು ಎಂದರೆ 1.35. ಯಾವ ತಂತ್ರವೂ ಇಲ್ಲದೆ ಹಳೆಯ 3-5-2ರಲ್ಲಿ ಬರುತ್ತಿದ್ದ 1.75ಕ್ಕಿಂತ ಇದು ಕಡಿಮೆಯೇ.

ತುಂಗಾತೀರ ಅವರ ಉತ್ತರ

ಮೇಷ್ಟ್ರ ಲೆಕ್ಕ ಚೊಕ್ಕವಾಗಿದೆ, ಆದರೆ ಅದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ ಎಂದು ವಿನಯದಿಂದ ಹೇಳಬೇಕಾಗಿದೆ. ಮೂವರು ಫಾರ್ವರ್ಡ್‌ಗಳಿದ್ದಾಗ ಅವಕಾಶಗಳು ಕಡಿಮೆಯಾಗುತ್ತವೆ ನಿಜ, ಆದರೆ ಬಂದ ಅವಕಾಶ ಗೋಲಾಗುವ ಸಾಧ್ಯತೆ ಹೆಚ್ಚಾಗುತ್ತದೆ. ಹೇಗೆ ಆಡಬೇಕೆಂದು ಪ್ರತಿ ಆಟಗಾರನಿಗೆ ನಾವು ಕೊಡುವ ಆದೇಶಗಳಲ್ಲಿ ಸಾಮಾನ್ಯ ಆದೇಶದಲ್ಲಿ ಆಡುವ ಫಾರ್ವರ್ಡ್ ಮಧ್ಯದ ಜೊತೆಗೆ ಎರಡು ಬದಿಗಳ ಅಟ್ಯಾಕ್‌ಗೂ ಒಂದಿಷ್ಟು ಕೊಡುತ್ತಾನೆ. ಅವಕಾಶವನ್ನು ಮಾತ್ರ ಎಣಿಸಿ ಅದರ ಗುಣವನ್ನು ಎಣಿಸದೆ ಬಿಟ್ಟರೆ 3-4-3ಕ್ಕೆ ಅನ್ಯಾಯವಾಗುತ್ತದೆ. ಮಿಡ್‌ಫೀಲ್ಡ್‌ನಲ್ಲಿ ಇಬ್ಬರೇ ಇದ್ದರೂ ಎದುರಾಳಿಗಿಂತ ಬಹಳ ಬಲಶಾಲಿಗಳಾಗಿದ್ದರೆ ಮೂರನೆಯ ಫಾರ್ವರ್ಡ್ ಲಾಭವೇ. ಪ್ರಶ್ನೆ ಕೇಳಿದವರ ಡಿವಿಷನ್ನಿನಲ್ಲಿ ತಂಡಗಳು ಸಮಬಲದವು ಎಂದು ತೋರುವುದರಿಂದ ಅವರಿಗೆ ಅದು ಒಗ್ಗಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಈ ಆಟದಲ್ಲಿ ಮೂವರು ಫಾರ್ವರ್ಡ್‌ಗಳನ್ನು ಕಣಕ್ಕಿಳಿಸುವವರೆಲ್ಲ ಗೋಲಿನ ಆಸೆಗೇ ಹಾಗೆ ಮಾಡುತ್ತಾರೆ ಎಂದು ತಿಳಿಯಬಾರದು. ಸ್ಕೋರಿಂಗ್ ತರಬೇತಿಯ ಪೂರ್ಣ ಫಲ ಸಿಗುವುದು ಫಾರ್ವರ್ಡ್ ಸ್ಥಾನದಲ್ಲಿ ಆಡಿದವರಿಗೆ, ಅದೂ ವಾರಕ್ಕೆ 90 ನಿಮಿಷದ ಮಿತಿಯೊಳಗೆ. ಲೀಗ್ ಪಂದ್ಯದಲ್ಲಿ ಮೂವರು, ವಾರದ ಮಧ್ಯದ ಸೌಹಾರ್ದ ಪಂದ್ಯದಲ್ಲಿ ಬೇರೆ ಮೂವರು, ಹೀಗೆ ವಾರಕ್ಕೆ ಆರು ಜನರನ್ನು ಬೆಳೆಸಿ ಮಾರುವ ಮ್ಯಾನೇಜರ್‌ಗಳಿದ್ದಾರೆ. ಅವರ 3-4-3ನ್ನು ಕಂಡು ಅದು ಗೋಲಿನ ಸೂತ್ರವೆಂದು ನಕಲು ಮಾಡಿದರೆ, ನರ್ಸರಿಯವರು ಸಸಿಗಳನ್ನು ಒತ್ತೊತ್ತಾಗಿ ಇಟ್ಟಿದ್ದಾರೆಂದು ತೋಟದಲ್ಲೂ ಹಾಗೆಯೇ ನೆಟ್ಟಂತೆ ಆಗುತ್ತದೆ.

ಮಿಡ್‌ಫೀಲ್ಡನ್ನು ಬೇಕೆಂದೇ ಬಿಟ್ಟುಕೊಟ್ಟು ಫಾರ್ವರ್ಡ್‌ಗಳಿಂದ ಗೋಲು ಹೊಡೆಸುವ ದಾರಿಯೂ ಇದೆ, ಅದು ಕೌಂಟರ್ ಅಟ್ಯಾಕ್. 5-3-2 ಅಥವಾ 5-2-3ರಲ್ಲಿ ಐವರು ಡಿಫೆಂಡರ್‌ಗಳು ಎದುರಾಳಿಯ ದಾಳಿಯನ್ನು ತಡೆದಾಗ, ಆ ತಡೆದ ದಾಳಿಯೇ ನಮಗೆ ಒಂದು ಹೊಸ ಅವಕಾಶವಾಗಿ ತಿರುಗಬಹುದು. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ನಮ್ಮ ಮಿಡ್‌ಫೀಲ್ಡ್ ಎದುರಾಳಿಯದಕ್ಕಿಂತ ದುರ್ಬಲವಾಗಿರಲೇಬೇಕು. ಮತ್ತು ತಂತ್ರದ ಬಲ ನಿಂತಿರುವುದು ಡಿಫೆಂಡರ್‌ಗಳ ಪಾಸಿಂಗ್ ಹಾಗೂ ಡಿಫೆಂಡಿಂಗ್ ಮೇಲೆ, ಅದರಲ್ಲೂ ಪಾಸಿಂಗ್‌ನ ತೂಕವೇ ಹೆಚ್ಚು. ಪಾಸಿಂಗ್ ಬಲ್ಲ ಡಿಫೆಂಡರ್‌ಗಳು ಅಗ್ಗಕ್ಕೆ ಸಿಗುವುದಿಲ್ಲ. ತಾವು ಮಾಡಿರುವುದು ಮಾತ್ರ ಎರಡೂ ದಾರಿಗಳ ನಡುವಿನದು: ಮಿಡ್‌ಫೀಲ್ಡ್ ಕಳೆದುಕೊಂಡಿರಿ, ಆದರೆ ಕಳೆದುಕೊಂಡದ್ದರಿಂದ ಸಿಗುವ ಕೌಂಟರ್ ಲಾಭವನ್ನೂ ಪಡೆಯಲಿಲ್ಲ.

ಮುಂದಿನ ಸಾಲಿನ ಜನ ಹೆಚ್ಚಿದರೆ ಗೋಲು ಹೆಚ್ಚುತ್ತದೆ ಎಂಬ ನಂಬಿಕೆಗೆ ನಿಜವಾದ ಮೈದಾನದಲ್ಲೂ ಆಧಾರ ಕಡಿಮೆ. ಇಂಗ್ಲೆಂಡಿನ ಮೊದಲ ಡಿವಿಷನ್ನಿನಲ್ಲಿ ತಂಡಗಳು 2-3-5ರಲ್ಲಿ ಐವರು ಫಾರ್ವರ್ಡ್‌ಗಳನ್ನು ನಿಲ್ಲಿಸುತ್ತಿದ್ದ ಕಾಲದಲ್ಲಿ, 1924-25ರ ಸೀಸನ್ನಿನಲ್ಲಿ ಒಟ್ಟು 1,192 ಗೋಲುಗಳಾಗಿದ್ದವು. 1925ರಲ್ಲಿ ಆಫ್‌ಸೈಡ್ ನಿಯಮವನ್ನು ಸಡಿಲಿಸಿ, ಗೋಲ್ ಗೆರೆಗೂ ಫಾರ್ವರ್ಡ್‌ಗೂ ನಡುವೆ ಮೂವರು ಎದುರಾಳಿಗಳಿರಬೇಕು ಎಂಬುದನ್ನು ಇಬ್ಬರಿಗೆ ಇಳಿಸಿದ ಮೇಲೆ, ಮರು ಸೀಸನ್ನಿನಲ್ಲೇ ಅದು 1,703ಕ್ಕೆ ಏರಿತು. ಎರಡು ಸೀಸನ್ ಕಳೆಯುವಷ್ಟರಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ ಒಂದೇ ಲೀಗ್ ಸೀಸನ್ನಿನಲ್ಲಿ 60 ಗೋಲು ಹೊಡೆದ. ಫಾರ್ವರ್ಡ್‌ಗಳ ಸಂಖ್ಯೆ ಮೊದಲೂ ಐದೇ ಇತ್ತು. ಬದಲಾದದ್ದು ಅವರಿಗೆ ಸಿಕ್ಕ ಜಾಗ.

ಲೆಕ್ಕದ_ಮೇಷ್ಟ್ರು

ತುಂಗಾತೀರ ಅವರ ಆಕ್ಷೇಪ ಸರಿಯಾದದ್ದು, ಒಪ್ಪಿಕೊಳ್ಳುತ್ತೇನೆ. ಆದರೆ ಶೇ. 37ರ ಏರಿಕೆ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ, ಏಕೆಂದರೆ ಒಳ ಮಿಡ್‌ಫೀಲ್ಡರ್‌ಗಳೂ ತಮ್ಮ ಪಾಸಿಂಗ್‌ನಿಂದ ಮಧ್ಯದ ಅಟ್ಯಾಕ್‌ಗೆ ಕೊಡುತ್ತಿರುತ್ತಾರೆ, ಅದರಲ್ಲಿ ಒಬ್ಬನನ್ನು ನಾವೇ ಬೆಂಚಿಗೆ ಕಳುಹಿಸಿದ್ದೇವೆ. ಇನ್ನು ನಾನು ಹೇಳಲು ಮರೆತದ್ದೆಂದರೆ ಎದುರಾಳಿಯ ಪಾಲು: ನಮ್ಮದು ಐದರಿಂದ ಮೂರಾದಾಗ ಅವರದು ಐದರಿಂದ ಏಳಾಗುತ್ತದೆ. ಗೋಲು ಹೊಡೆಯುವುದರ ಚಿಂತೆಯಲ್ಲಿ ಗೋಲು ತಿನ್ನುವ ಲೆಕ್ಕ ಬಿಟ್ಟುಹೋಯಿತು.

ಎಡಗಾಲು ಅವರ ಉತ್ತರ

ನಾನು ಹ್ಯಾಟ್ರಿಕ್ ಆಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಫುಟ್‌ಬಾಲ್ ಮ್ಯಾನೇಜರ್ ಎಂಬ ಇನ್ನೊಂದು ಆಟ ಆಡುತ್ತೇನೆ. ಅಲ್ಲಿ ಪಂದ್ಯ ಕಣ್ಣೆದುರೇ ನಡೆಯುತ್ತದೆ, ಪ್ರತಿಯೊಬ್ಬನೂ ಮೈದಾನದಲ್ಲಿ ಒಂದು ಜಾಗದಲ್ಲಿ ನಿಂತಿರುತ್ತಾನೆ, ಆದ್ದರಿಂದ ಮೇಲಿನ ಲೆಕ್ಕವನ್ನು ಹಾಗೆಯೇ ಅಲ್ಲಿಗೆ ಒಯ್ಯಲು ಬರುವುದಿಲ್ಲ. ಅಲ್ಲಿ ಸ್ಟ್ರೈಕರ್‌ನ ಗೋಲುಗಳನ್ನು ನಿರ್ಧರಿಸುವುದು ಅಕ್ಕಪಕ್ಕದವರಿಗೆ ಕೊಟ್ಟ ಪಾತ್ರ. ಒಬ್ಬ ಸ್ಟ್ರೈಕರ್ ಇರುವ 4-3-3ರಲ್ಲಿ ವಿಂಗರ್‌ಗಳು ಗೆರೆಯ ಪಕ್ಕದಲ್ಲೇ ಓಡಿ ಕ್ರಾಸ್ ಕೊಟ್ಟರೆ ಗೋಲು ಸ್ಟ್ರೈಕರ್‌ನದು. ಅದೇ ವಿಂಗರ್‌ಗಳನ್ನು ಒಳಗೆ ನುಗ್ಗುವಂತೆ ಮಾಡಿ, ಸ್ಟ್ರೈಕರ್‌ನನ್ನು ಹಿಂದೆ ಸರಿದು ಪಾಸ್ ಕೊಡುವ ಪಾತ್ರಕ್ಕೆ ಹಾಕಿದರೆ, ಗೋಲುಗಳು ವಿಂಗರ್‌ಗಳ ಹೆಸರಿಗೆ ಹೋಗುತ್ತವೆ. ತಂಡದ ಒಟ್ಟು ಗೋಲು ಅಷ್ಟೇ ಇದ್ದು ಸ್ಟ್ರೈಕರ್‌ನದು ಅರ್ಧವಾಗಬಹುದು.

2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ನೆನಪಿದೆಯೇ? ಮಧ್ಯದಲ್ಲಿ ಮಿಕು, ಎಡಗಡೆಯಿಂದ ಒಳಗೆ ಬರುತ್ತಿದ್ದ ಸುನಿಲ್ ಛೆಟ್ರಿ. ಮಿಕು 15 ಗೋಲು, ಛೆಟ್ರಿ 14. ಛೆಟ್ರಿ ಸ್ಟ್ರೈಕರ್ ಜಾಗದಲ್ಲಿ ನಿಂತಿರಲಿಲ್ಲವೆಂದು ಅವರ ಗೋಲುಗಳೇನೂ ಬತ್ತಲಿಲ್ಲ. ಕಾಗದದ ಮೇಲೆ ಎಷ್ಟು ಜನ ಮುಂದಿದ್ದಾರೆ ಎಂಬುದಕ್ಕಿಂತ ಚೆಂಡು ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ಬರುವ ಹೊತ್ತಿಗೆ ಯಾರು ಅಲ್ಲಿರುತ್ತಾರೆ ಎಂಬುದೇ ಮುಖ್ಯ.

ಬಯಲುಸೀಮೆ_11

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ಲೆಕ್ಕವನ್ನು ಕಾಗದದ ಮೇಲೆ ನಾನೂ ಹಾಕಿ ನೋಡಿದೆ. ನಂತರ ಹಳೆಯ ವರದಿಗಳನ್ನು ತೆರೆದು ಎಣಿಸಿದರೆ, ಕಳೆದ ಸೀಸನ್ನಿನಲ್ಲಿ ನನಗೆ ಸಿಗುತ್ತಿದ್ದ ಅವಕಾಶಗಳು ಪಂದ್ಯಕ್ಕೆ ಐದೋ ಆರೋ ಇದ್ದವು. ಈ ಸೀಸನ್ನಿನಲ್ಲಿ ನಾಲ್ಕು ದಾಟಿದ್ದು ಒಂದೇ ಪಂದ್ಯದಲ್ಲಿ. ಇದನ್ನು ಎಣಿಸಲು ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾನು ನೋಡುತ್ತಿದ್ದದ್ದು ಗೋಲು ಹೊಡೆದವರ ಪಟ್ಟಿಯನ್ನು ಮಾತ್ರ.

ಸರಿ, 3-5-2ಗೆ ಮರಳುತ್ತೇನೆ. ಆದರೆ ಮೂವರಲ್ಲಿ ಯಾವ ಇಬ್ಬರನ್ನು ಇಟ್ಟುಕೊಳ್ಳಲಿ? ಹೊಸಬನಿಗೆ ಟೆಕ್ನಿಕಲ್ ವಿಶೇಷತೆ (ಆಟ ಕೆಲವು ಆಟಗಾರರಿಗೆ ಕೊಡುವ ಹೆಚ್ಚುವರಿ ಗುಣಗಳಲ್ಲಿ ಒಂದು) ಇದೆ, ಪಾಸಿಂಗ್ ಕೂಡ ಸಾಲಿಡ್ ಮಟ್ಟದಲ್ಲಿದೆ. ಹಳೆಯ ಎರಡನೆಯವನಿಗೆ ಸ್ಕೋರಿಂಗ್ ಬಿಟ್ಟರೆ ಬೇರೇನೂ ಇಲ್ಲ.

ತುಂಗಾತೀರ

ಹಾಗಾದರೆ ಮಾರುವ ಮಾತು ಬೇಡ. ಟೆಕ್ನಿಕಲ್ ಆಟಗಾರನನ್ನು ಹಿಂದೆ ಸರಿದು ಆಡುವ ಡಿಫೆನ್ಸಿವ್ ಫಾರ್ವರ್ಡ್ ಮಾಡಿ. ಆ ಆದೇಶದಲ್ಲಿ ಸ್ಕೋರಿಂಗ್‌ನ ತೂಕ ಇಳಿದು ಪಾಸಿಂಗ್‌ನದು ಏರುತ್ತದೆ, ಆಟ ಕಟ್ಟುವ ಕೌಶಲವಾದ ಪ್ಲೇಮೇಕಿಂಗ್ ಇದ್ದರೆ ಮಿಡ್‌ಫೀಲ್ಡ್‌ಗೂ ಒಂದಿಷ್ಟು ಸೇರುತ್ತದೆ, ಮತ್ತು ಟೆಕ್ನಿಕಲ್ ವಿಶೇಷತೆ ಇರುವವನು ಆ ಜಾಗದಲ್ಲಿ ಬೇರೆಯವರಿಗಿಂತ ಹೆಚ್ಚು ಕೊಡುತ್ತಾನೆ. ಮುಖ್ಯ ಫಾರ್ವರ್ಡ್ ಸಾಮಾನ್ಯ ಆದೇಶದಲ್ಲೇ ಇರಲಿ. ಉಳಿದವನು ವಾರದ ಮಧ್ಯದ ಪಂದ್ಯದಲ್ಲಿ ಆಡಿ ತರಬೇತಿ ಪಡೆಯಲಿ.

ಹವಾಮಾನವನ್ನು ಮಾತ್ರ ಪಂದ್ಯದ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ಬಿಸಿಲಿದ್ದರೆ ಟೆಕ್ನಿಕಲ್ ಆಟಗಾರನಿಗೆ ಲಾಭ, ಮಳೆಯಿದ್ದರೆ ನಷ್ಟ. ತಮ್ಮ ಮುಖ್ಯ ಫಾರ್ವರ್ಡ್‌ಗೆ ಪವರ್‌ಫುಲ್ ಎಂಬ ವಿಶೇಷತೆ ಇದ್ದರೆ ಅವನಿಗೆ ಇದು ತಿರುವುಮುರುವು, ಜೊತೆಗೆ ತಪ್ಪಿಹೋದ ಅವಕಾಶವನ್ನು ಮೈಬಲದಿಂದ ಮತ್ತೊಮ್ಮೆ ಹೊಡೆಯುವ ಸಂದರ್ಭವೂ ಅಪರೂಪಕ್ಕೆ ಸಿಗುತ್ತದೆ.

ಬಯಲುಸೀಮೆ_11 (ಎರಡು ವಾರಗಳ ನಂತರ)

ಹೇಳಿದಂತೆಯೇ ಮಾಡಿದೆ. ಮೊದಲ ಪಂದ್ಯ 3-1ರಿಂದ ಗೆದ್ದೆವು. ಮುಖ್ಯ ಫಾರ್ವರ್ಡ್‌ನದು ಎರಡು ಗೋಲು, ಎರಡೂ ಮಧ್ಯದಿಂದ. ಎರಡು ಗೋಲುಗಳ ಮುನ್ನಡೆ ಸಿಕ್ಕ ಮೇಲೆ ತಂಡ ತಾನಾಗಿಯೇ ಹಿಂದೆ ಸರಿದು ಕಾಯ್ದುಕೊಂಡಿತು, ಇಲ್ಲದಿದ್ದರೆ ಮೂರನೆಯದೂ ಅವನ ಹೆಸರಿಗೇ ಬರುತ್ತಿತ್ತೇನೋ. ಎರಡನೆಯ ಪಂದ್ಯ 2-2. ಅದರಲ್ಲಿ ಅವನು ಗೋಲು ಹೊಡೆಯಲಿಲ್ಲ, 64ನೇ ನಿಮಿಷದಲ್ಲಿ ಸಿಕ್ಕಿದ್ದನ್ನು ಗೋಲ್‌ಕೀಪರ್ ತಡೆದ. ಆದರೂ ಅವಕಾಶಗಳನ್ನು ಎಣಿಸಿದೆ, ಆರು ಇದ್ದವು. ಈ ಸಲ ಬೇಸರವಾಗಲಿಲ್ಲ.

ಈ ವಾರದ ಎದುರಾಳಿ ಕಳೆದ ನಾಲ್ಕು ಪಂದ್ಯಗಳಲ್ಲೂ 5-5-0 ಆಡಿಸಿದ್ದಾರೆ. ಒಬ್ಬ ಫಾರ್ವರ್ಡ್ ಕೂಡ ಇಲ್ಲದ ತಂಡವನ್ನು ನಾನು ಎದುರಿಸಿದ್ದೇ ಇಲ್ಲ. ಅವರ ಮಿಡ್‌ಫೀಲ್ಡ್ ನಮಗಿಂತ ಮೇಲಿದೆ, ಮಧ್ಯದ ಡಿಫೆನ್ಸ್ ಬಂಡೆಯಂತಿದೆ. ಏನು ಮಾಡಲಿ?

ಲೆಕ್ಕದ_ಮೇಷ್ಟ್ರು

ಅವರ ಕಳೆದ ಪಂದ್ಯಗಳ ರೇಟಿಂಗ್ ತೆರೆದು ಎಡ ಮತ್ತು ಬಲ ಡಿಫೆನ್ಸ್‌ಗಳನ್ನು ಹೋಲಿಸಿ ನೋಡಿ. ಐವರಲ್ಲಿ ಮೂವರು ಮಧ್ಯದಲ್ಲಿ ನಿಂತಿದ್ದರೆ ಬದಿಗೆ ಒಬ್ಬೊಬ್ಬನೇ ಮುಖ್ಯ ಆಸರೆ, ಇಬ್ಬರ ಬಲವೂ ಸಮನಾಗಿರುವುದು ಅಪರೂಪ. ಅವರ ಎಡ ಡಿಫೆನ್ಸ್ ದುರ್ಬಲವಾಗಿದ್ದರೆ ಅದಕ್ಕೆ ಎದುರಾಗುವುದು ನಮ್ಮ ಬಲ ಅಟ್ಯಾಕ್. ಈ ಒಂದು ಪಂದ್ಯಕ್ಕೆ ಮುಖ್ಯ ಫಾರ್ವರ್ಡ್‌ಗೆ ಬಲ ವಿಂಗ್ ಕಡೆ ಸರಿಯುವ ಆದೇಶ ಕೊಡಿ, ಬಲ ವಿಂಗರ್‌ಗೆ ಆಕ್ರಮಣಕಾರಿ ಆದೇಶ ಕೊಡಿ. ವಿಂಗ್ ಕಡೆ ಸರಿದ ಫಾರ್ವರ್ಡ್‌ನ ವಿಂಗರ್ ಕೌಶಲವೂ ಲೆಕ್ಕಕ್ಕೆ ಬರುವುದರಿಂದ ಅವನ ಆ ಅಂಕಿ ಎಷ್ಟಿದೆ ಎಂದು ಮೊದಲು ಇಲ್ಲಿ ಹಾಕಿ. ತೀರಾ ಕಡಿಮೆಯಿದ್ದರೆ ಅವನ ಬದಲು ಬೆಂಚಿನಲ್ಲಿರುವವನನ್ನು ನೋಡೋಣ.